ಖಾಲಿ ಇದ್ದಿಲ ಡಬ್ಬಿ

ದಾವಣಗೆರೆಯ ಹಳೇ ಲಾರಿ ಸ್ಟ್ಯಾಂಡಿನ ಹತ್ತಿರ ಗೌಸ್ ಮಿಸ್ತ್ರಿಯ ಗ್ಯಾರೇಜಿತ್ತು. ಅಲ್ಲಿ ತಿಪ್ಪೇಶಿ ಹದಿನೈದು ವರ್ಷದಿಂದ ಮೆಕ್ಯಾನಿಕ್. ಅವನ ಕೈಯಲ್ಲಿ ಕಸುಬಿತ್ತು, ಬಾಯಲ್ಲಿ ಉತ್ತರವಿತ್ತು. ಎರಡನೆಯದು ಸ್ವಲ್ಪ ಜಾಸ್ತಿಯೇ ಇತ್ತು.

ಒಂದು ದಿನ ಗ್ಯಾರೇಜಿಗೆ ಡಾಕ್ಟರ್ ಪದ್ಮಾಕ್ಷಮ್ಮನವರ ಕಾರು ಬಂತು. ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು, ಐವತ್ತು ವರ್ಷದ ಹಿಂದೆ ಅಮೆರಿಕದಿಂದ ಹಡಗಿನಲ್ಲಿ ಬಂದದ್ದು. ಪದ್ಮಾಕ್ಷಮ್ಮನವರು ಊರಿನ ಎಷ್ಟೋ ಮಕ್ಕಳ ಹೆರಿಗೆ ಮಾಡಿಸಿದವರು. ಈಗ ವಯಸ್ಸಾಗಿ ಮನೆಯಲ್ಲಿದ್ದರು. ಆಯುಧಪೂಜೆಯ ದಿನ ಆ ಕಾರಿನಲ್ಲಿ ಊರು ಸುತ್ತಬೇಕು ಎಂಬುದೊಂದೇ ಅವರ ಆಸೆ.

ಗೌಸ್ ಮಿಸ್ತ್ರಿ ಶಿಷ್ಯನನ್ನು ಕರೆದು ಹೇಳಿದ: “ತಿಪ್ಪೇಶಿ, ಈ ಕಾರು ಪೂರ್ತಿ ನಿನ್ನ ಕೆಲಸ. ನಾನು ಕೈ ಹಾಕಲ್ಲ. ಕಾರ್ಖಾನೆಯಿಂದ ಹೆಂಗೆ ಬಂದಿತ್ತೋ ಹಂಗೇ ಆಗ್ಬೇಕು. ಸರಿಯಾಗಿ ಮಾಡಿದ್ರೆ ಹಬ್ಬದ ದಿನಾನೇ ಈ ಗ್ಯಾರೇಜು ನಿನಗೆ ಒಪ್ಪಿಸ್ತೀನಿ. ನನಗಿನ್ನು ಮಂಡಿ ಬಗ್ಗಲ್ಲಪ್ಪ.”

ತಿಪ್ಪೇಶಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಎಂಜಿನ್ ಬಿಚ್ಚಿದ, ತೊಳೆದ, ಕಟ್ಟಿದ. ಬ್ರೇಕು ಸರಿಮಾಡಿದ. ಕನ್ನಡಿಯ ಹಾಗೆ ಬಣ್ಣ ಹೊಡೆದ. ಹಬ್ಬಕ್ಕೆ ಇನ್ನು ನಾಲ್ಕೇ ದಿನ ಉಳಿದಾಗ ಒಂದು ಕೆಲಸ ಬಾಕಿಯಿತ್ತು. ಎಂಜಿನ್ ಪಕ್ಕದ ಮೂಲೆಯಲ್ಲಿ ಚೊಂಬಿನಷ್ಟು ದೊಡ್ಡ ಕಪ್ಪು ಡಬ್ಬಿಯೊಂದಿತ್ತು. ಅದರೊಳಗೆ ಇದ್ದಿಲು.

ಆ ಡಬ್ಬಿಯ ಕೆಲಸ ಇಷ್ಟೇ. ಬಿಸಿಲಿಗೆ ಟ್ಯಾಂಕಿನ ಪೆಟ್ರೋಲು ಆವಿಯಾಗುತ್ತದೆ. ಆ ಆವಿ ಪೈಪಿನಲ್ಲಿ ಬಂದು ಇದ್ದಿಲಿಗೆ ಅಂಟಿ ಕೂರುತ್ತದೆ. ಕಾರು ಓಡುವಾಗ ಎಂಜಿನ್ ಅದನ್ನು ಎಳೆದುಕೊಂಡು ಉರಿಸಿಬಿಡುತ್ತದೆ. ಹೀಗಾಗಿ ಆವಿ ಹೊರಗೆ ಹರಡುವುದಿಲ್ಲ.

ತಿಪ್ಪೇಶಿ ಡಬ್ಬಿ ಬಿಚ್ಚಿ ನೋಡಿದ. ಇದ್ದಿಲು ನೆನೆದು ಕೆಸರಾಗಿತ್ತು. ಕಾರಿನ ಹೊಟ್ಟೆಯಡಿ ಟ್ಯಾಂಕಿನವರೆಗೆ ಹೋಗುವ ಪೈಪು ಉದ್ದಕ್ಕೂ ಬಿರುಕು ಬಿಟ್ಟಿತ್ತು. ಎಲ್ಲ ಹೊಸದಾಗಿ ಮಾಡಲು ವಾರವಾದರೂ ಬೇಕು.

“ಇದಿಲ್ಲದಿದ್ರೂ ಕಾರು ಓಡುತ್ತೆ. ಇದೆಲ್ಲ ಅಮೆರಿಕದವರ ಶೋಕಿ. ಯಾರು ಬಗ್ಗಿ ನೋಡ್ತಾರೆ?” ಎಂದುಕೊಂಡ. ಇದ್ದಿಲನ್ನು ಚರಂಡಿಗೆ ಸುರಿದ. ಖಾಲಿ ಡಬ್ಬಿಗೆ ಕಪ್ಪು ಬಣ್ಣ ಬಳಿದು ಫಳಫಳ ಹೊಳೆಸಿದ. ಬಾನೆಟ್ ಎತ್ತಿದರೆ ಕಣ್ಣಿಗೆ ಬೀಳುವ ಎರಡು ಗೇಣು ಪೈಪನ್ನು ಮಾತ್ರ ಹೊಸದು ಹಾಕಿದ. ಕೆಳಗಿನ ಬಿರುಕು ಪೈಪು ಹಾಗೇ ಉಳಿಯಿತು.

“ಇದ್ದಿಲು, ಪೈಪು ಎಲ್ಲಾ ಹೊಸದು ಹಾಕಿದ್ಯೇನೋ?” ಎಂದು ಗೌಸ್ ಮಿಸ್ತ್ರಿ ಕೇಳಿದ.

“ಎಲ್ಲಾ ಹಾಕೀನಿ ಉಸ್ತಾದ್” ಎಂದ ತಿಪ್ಪೇಶಿ. ಮುದುಕ ನಂಬಿದ. ಹದಿನೈದು ವರ್ಷದ ಶಿಷ್ಯನನ್ನು ನಂಬದೆ ಇನ್ನಾರನ್ನು ನಂಬಬೇಕು!

ಹಬ್ಬದ ದಿನ ಬಂತು. ಪೂಜೆಯ ದಿನ ಟ್ಯಾಂಕು ಅರೆಬರೆ ಇರಬಾರದೆಂದು ತಿಪ್ಪೇಶಿ ಬೆಳಿಗ್ಗೆಯೇ ಪೆಟ್ರೋಲನ್ನು ಕಂಠಪೂರ್ತಿ ತುಂಬಿಸಿದ. ಡಾಕ್ಟ್ರಮ್ಮ ಬಂದಾಗ ಒಮ್ಮೆಲೇ ತೋರಿಸೋಣವೆಂದು ಕಾರನ್ನು ತಗಡಿನ ಶೆಡ್ಡಿನೊಳಗೆ ಬಿಟ್ಟು ಶಟರ್ ಎಳೆದ. ಮಧ್ಯಾಹ್ನದ ಹೊತ್ತಿಗೆ ತಗಡು ಕಾದ ಕಾವಲಿಯಾಗಿತ್ತು.

ಹನ್ನೆರಡೂವರೆಗೆ ಎಲ್ಲರೂ ಸೇರಿದರು. ತಿಪ್ಪೇಶಿಯ ಹೆಂಡತಿ ಹಾಲಮ್ಮ ಹೊಸ ಸೀರೆ ಉಟ್ಟು ಚೆಂಡುಹೂವಿನ ಹಾರ ತಂದಿದ್ದಳು. ಶಟರ್ ಮೇಲೇರಿತು. ಕೆಂಪು ಕಾರು ಕಂಡಿದ್ದೇ ತಡ, ಪದ್ಮಾಕ್ಷಮ್ಮನವರ ಕಣ್ಣು ತುಂಬಿ ಬಂತು. ಮರುಕ್ಷಣವೇ ಅವರು ಸೆರಗಿನಿಂದ ಮೂಗು ಮುಚ್ಚಿಕೊಂಡರು.

“ಏನಪ್ಪಾ ಇದು, ಪೆಟ್ರೋಲ್ ವಾಸನೆ ಗಂಟಲಿಗೆ ಹತ್ತುತ್ತೆ!”

“ಗ್ಯಾರೇಜಿನಾಗೆ ಪೆಟ್ರೋಲ್ ವಾಸನೆ ಬರದೆ ಮಲ್ಲಿಗೆ ವಾಸನೆ ಬರುತ್ತೇನ್ರಮ್ಮಾ?” ಎಂದು ತಿಪ್ಪೇಶಿ ನಗಿಸಿದ. ದಿನಾ ಪೆಟ್ರೋಲಿನಲ್ಲೇ ಕೈ ತೊಳೆಯುವ ಗ್ಯಾರೇಜಿನವರ ಮೂಗಿಗೆ ಅದು ಗೊತ್ತೇ ಆಗಲಿಲ್ಲ.

ಕಾರಿಗೆ ಹಾರ ಹಾಕಿ ತಿಪ್ಪೇಶಿ ಚಕ್ರದಡಿ ನಿಂಬೆಹಣ್ಣು ಇಡಲು ಬಗ್ಗಿದ. ಕಂಠಪೂರ್ತಿ ತುಂಬಿದ ಪೆಟ್ರೋಲು ಕಾವಿಗೆ ಉಬ್ಬಿ ಆವಿಯ ಪೈಪಿಗೆ ನುಗ್ಗಿತ್ತು. ಬಿರುಕು ಪೈಪಿನಿಂದ ಹನಿ ತೊಟ್ಟಿಕ್ಕುತ್ತಿತ್ತು. ಕಾರಿನಡಿಯ ನೆಲ ಅಗಲಕ್ಕೆ ಒದ್ದೆಯಾಗಿತ್ತು. ಕಣ್ಣಿಗೆ ಕಾಣದ ಆವಿ ಬೆಳಗಿನಿಂದ ಶೆಡ್ಡಿನ ನೆಲದ ಮೇಲೆ ತುಂಬಿಕೊಂಡಿದೆ ಎಂದು ಅವನಿಗೆ ಆಗ ಹೊಳೆಯಿತು.

ಅವನು ಎದ್ದು ನಿಂತು ತಿರುಗಿದ. ಪದ್ಮಾಕ್ಷಮ್ಮನವರು ಬಾಗಿಲಾಚೆ ನಿಂತು ತಟ್ಟೆಯಲ್ಲಿ ಕರ್ಪೂರ ಹಚ್ಚಿಯಾಗಿತ್ತು. ಉರಿಯುವ ತಟ್ಟೆ ಹಿಡಿದು ನಿಧಾನವಾಗಿ ಕಾರಿನ ಕಡೆ ಬರುತ್ತಿದ್ದರು.

ಕೂಗಬೇಕು. ಆದರೆ ಕೂಗಿದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ ಖಾಲಿ ಡಬ್ಬಿಯ ಗುಟ್ಟು ಬಯಲಾಗುತ್ತದೆ, ಗ್ಯಾರೇಜು ಕೈ ತಪ್ಪುತ್ತದೆ. ತಿಪ್ಪೇಶಿಯ ಬಾಯಿ ತೆರೆಯಿತು, ಮುಚ್ಚಿತು. “ಏನೂ ಆಗಲ್ಲ, ಎರಡು ಸುತ್ತು ಬೆಳಗಿ ಮುಗಿಸ್ತಾರೆ” ಎಂದು ತನಗೆ ತಾನೇ ಹೇಳಿಕೊಂಡ. ತಟ್ಟೆ ಇನ್ನೂ ನಾಲ್ಕು ಹೆಜ್ಜೆ ಹತ್ತಿರ ಬಂತು. ಅವನು ಸುಮ್ಮನೇ ನಿಂತಿದ್ದ.

ಹೊಸ್ತಿಲ ಬಳಿ ಪದ್ಮಾಕ್ಷಮ್ಮನವರು ನಿಂತರು. “ಈ ಕಾರನ್ನ ಬದುಕಿಸಿದ್ದು ನಿನ್ನ ಗಂಡ. ಮೊದಲನೇ ಆರತಿ ನಿಂದೇ ಆಗಬೇಕು, ತಗೊಳ್ಳಮ್ಮ” ಎಂದು ತಟ್ಟೆಯನ್ನು ಹಾಲಮ್ಮನ ಕೈಗೆ ಕೊಟ್ಟರು.

“ಬ್ಯಾಡಾ!”

ತಿಪ್ಪೇಶಿಯ ಕೂಗಿಗೆ ಬೀದಿಯೇ ತಿರುಗಿ ನೋಡಿತು. ಅವನು ಹಾರಿ ಬಂದು ಹೆಂಡತಿಯ ಕೈಯ ತಟ್ಟೆಯನ್ನು ಬೀದಿಗೆ ಬಡಿದು ಬಿಸಾಕಿ, ಅವಳನ್ನೂ ಡಾಕ್ಟ್ರಮ್ಮನನ್ನೂ ಆಚೆ ದಬ್ಬಿದ. “ಡಬ್ಬಿ ಖಾಲಿ ಐತಿ! ನಾನು ಇದ್ದಿಲು ಹಾಕಿಲ್ಲ! ಒಳಗೆಲ್ಲಾ ಪೆಟ್ರೋಲು! ಓಡ್ರಿ!” ಎಂದು ಅರಚಿದ.

ಒಂದು ಕರ್ಪೂರದ ತುಂಡು ಹೊಸ್ತಿಲ ಮೇಲೇ ಬಿದ್ದಿತ್ತು. ಭಗ್ಗೆಂದಿತು! ನೀಲಿ ಜ್ವಾಲೆಯೊಂದು ನೆಲದ ಮೇಲೆ ಹರಿದು ಕಾರಿನಡಿ ನುಗ್ಗಿತು. ಚೆಂಡುಹೂವಿನ ಹಾರ ಚಟಪಟ ಸುಟ್ಟಿತು. ಗೌಸ್ ಮಿಸ್ತ್ರಿ ಬಾಗಿಲ ಬಳಿಯ ಮರಳಿನ ಬಕೆಟ್‌ಗಳನ್ನು ಒಂದಾದ ಮೇಲೊಂದು ಎತ್ತಿ ಸುರಿದ. ಬಗ್ಗದ ಮಂಡಿ ಆಗ ಬಗ್ಗಿತು. ಬೆಂಕಿ ಆರಿದಾಗ ಕಾರಿನ ಮುಂಭಾಗ ಕಪ್ಪಿಟ್ಟಿತ್ತು. ದೇವರು ದೊಡ್ಡವನು, ಮನುಷ್ಯರಿಗೆ ಯಾರಿಗೂ ಏನೂ ಆಗಲಿಲ್ಲ.

ತಿಪ್ಪೇಶಿ ಹೆಂಡತಿಯ ಹತ್ತಿರ ಬಂದ. ಅಳುತ್ತಾಳೆ, ನೀವಿಲ್ಲದಿದ್ದರೆ ಸುಟ್ಟೇ ಹೋಗುತ್ತಿದ್ದೆ ಎನ್ನುತ್ತಾಳೆ ಎಂದುಕೊಂಡಿದ್ದ. ಹಾಲಮ್ಮ ಅವನ ಮುಖವನ್ನೇ ನೋಡುತ್ತಿದ್ದಳು.

“ಒಂದು ಮಾತು ಕೇಳ್ತೀನಿ. ಡಾಕ್ಟ್ರಮ್ಮಾರ ಕೈಯಾಗೆ ತಟ್ಟೆ ಇದ್ದಾಗ್ಲೇ ನಿಮಗೆ ಇದು ಗೊತ್ತಿತ್ತೇನ್ರಿ?”

ಯಾವತ್ತೂ ಉತ್ತರಕ್ಕೆ ತಡವರಿಸದ ತಿಪ್ಪೇಶಿಗೆ ನಾಲಿಗೆ ಹೊರಳಲಿಲ್ಲ. ತಾನು ಮಾಡಿದ್ದು ಏನೆಂದು ಅವನಿಗೆ ತಿಳಿದದ್ದೇ ಆಗ. ಬೆಂಕಿ ಕಂಡಾಗ ಆಗದ ಭಯ ಈಗ ಆಯಿತು. ತಲೆ ತಗ್ಗಿಸಿ “ಗೊತ್ತಿತ್ತು” ಎಂದ.

ಹಾಲಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. ಅವನಿಂದ ದೂರ ಹೋಗಿ ಡಾಕ್ಟ್ರಮ್ಮನ ಪಕ್ಕದಲ್ಲಿ ನಿಂತು, ಅವರ ಕೈ ಹಿಡಿದುಕೊಂಡಳು. ಗೌಸ್ ಮಿಸ್ತ್ರಿ ಬಯ್ಯಲಿಲ್ಲ. ಗ್ಯಾರೇಜು ಒಪ್ಪಿಸುವ ಮಾತನ್ನೂ ಆಡಲಿಲ್ಲ.

ಕೊನೆಗೆ ಪದ್ಮಾಕ್ಷಮ್ಮನವರೇ ಹೇಳಿದರು: “ಮಿಸ್ತ್ರಿ, ಕಾರನ್ನ ಇವನೇ ಮತ್ತೆ ಸರಿಮಾಡ್ಲಿ. ಆದರೆ ಮುಗಿದ ಮೇಲೆ ಮೊದಲು ಇವನ ಹೆಂಡತಿ ಹತ್ತಿ ಕೂರಬೇಕು. ಆಮೇಲೆ ನಾನು.”

ತಿಪ್ಪೇಶಿ ಹನ್ನೊಂದು ದಿನ ದುಡಿದ. ಡಬ್ಬಿಗೆ ಹೊಸ ಇದ್ದಿಲು ತುಂಬಿದ. ಟ್ಯಾಂಕಿನಿಂದ ಎಂಜಿನ್‌ವರೆಗೆ ಪೈಪನ್ನೆಲ್ಲ ಹೊಸದು ಹಾಕಿದ. ಯಾರೂ ಬಗ್ಗಿ ನೋಡದ ಕಡೆಯೇ ಹೆಚ್ಚು ಹೊತ್ತು ಮಲಗಿ ಕೆಲಸ ಮಾಡಿದ. ಎಲ್ಲ ಮುಗಿಸಿ ಹೆಂಡತಿಗಾಗಿ ಕಾರಿನ ಬಾಗಿಲು ತೆರೆದ.

“ಹತ್ತು, ಈಗ ಎಲ್ಲಾ ಸರಿ ಐತಿ” ಎಂದ.

ಹಾಲಮ್ಮ ಹತ್ತಲಿಲ್ಲ. ಗಂಡನ ಕಡೆ ನೋಡಲೂ ಇಲ್ಲ. ಗೌಸ್ ಮಿಸ್ತ್ರಿಯ ಕಡೆ ತಿರುಗಿ, “ಮಾಮಾ, ಹತ್ತಬಹುದೇನ್ರಿ?” ಎಂದು ಕೇಳಿದಳು.

ಮುದುಕ ಕಷ್ಟಪಟ್ಟು ಕಾರಿನಡಿ ತೂರಿ, ಒಂದೊಂದೇ ಪೈಪನ್ನು ಬೆರಳಿನಿಂದ ಮುಟ್ಟಿ ನೋಡತೊಡಗಿದ. ತಿಪ್ಪೇಶಿ ತೆರೆದ ಬಾಗಿಲು ಹಿಡಿದು ಅಲ್ಲೇ ನಿಂತು ಕಾದ.

ನೀತಿ: ಕಣ್ಣಿಗೆ ಕಾಣದ ಕೆಲಸದಲ್ಲಿ ಮೋಸ ಮಾಡಬಾರದು. ಮಾಡಿದ ತಪ್ಪನ್ನು ಯಾರದೇ ಜೀವಕ್ಕೆ ಕುತ್ತು ಬರುವ ಮೊದಲು ಒಪ್ಪಿಕೊಳ್ಳಬೇಕು. ತನ್ನವರಿಗೆ ಬೆಂಕಿ ತಗಲುವಾಗ ಮಾತ್ರ ನಿಜ ಹೇಳುವವನ ಮಾತನ್ನು ಅವನ ಮನೆಯವರೂ ನಂಬುವುದಿಲ್ಲ.