ಹೂವಿನ ಹಿಂದೆ ಕಟ್ಟಿದ ಕಪ್ಪು ಬಟ್ಟೆ

“ಗುರುಗಳೇ, ಈಗ ಕಣ್ಣು ಮುಚ್ಚಿದರೆ ದೇವರ ಪಾದವೊಂದೇ ಕಾಣುತ್ತದೆ. ಸುತ್ತ ಏನೂ ಇಲ್ಲ, ಬರೀ ಕತ್ತಲೆ. ನನ್ನ ಸಾಧನೆ ಸರಿಯಾದ ದಾರಿಯಲ್ಲಿದೆಯೇ?”

ಹೀಗೆ ಕೇಳಿದವನು ಹಾಲಪ್ಪನೆಂಬ ಶಿಷ್ಯ. ಸಂಸಾರಸ್ಥ. ಜಪಕ್ಕೆಂದು ಮಠಕ್ಕೆ ಬಂದವನು ಊರಿಗೆ ಹಿಂತಿರುಗದೆ ಅಲ್ಲೇ ಉಳಿದುಬಿಟ್ಟಿದ್ದ. ಗುರುಗಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಒಂದು ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನ ಹೊಲದ ಬದುವಿನಲ್ಲಿ, ದಾರಿಗೆ ತಾಗಿದಂತೆ, ಹಳೆಯದೊಂದು ನೇರಳೆ ಮರವಿತ್ತು. ಊರಿನ ದನಗಳಿಗೆ ಮಧ್ಯಾಹ್ನದ ನೆರಳು ಅದೊಂದೇ. ದಾರಿ ಅಗಲ ಮಾಡಬೇಕೆಂದು ಕಚೇರಿಯವರು ಆ ಮರಕ್ಕೆ ಗುರುತು ಹಾಕಿ ಹೋದರು. ರೈತ ಅಧಿಕಾರಿಯ ಬಳಿಗೆ ಹೋಗಿ ಬೇಡಿಕೊಂಡ. ಮರದ ಕೊಂಬೆಯಲ್ಲಿ ಸೀತಾಳೆ ದಂಡೆ ಬಿಟ್ಟಿದೆ, ಪೇಟೆಯವರು ಆರ್ಕಿಡ್ ಎನ್ನುವ ಹೂವು ಅದು, ಸುತ್ತಮುತ್ತ ಬೇರೆಲ್ಲೂ ಇಲ್ಲ ಎಂದ. ಅಧಿಕಾರಿ ಒಳ್ಳೆಯವನೇ. “ಮರದಲ್ಲಿ ಅಂಥ ಹೂವಿದೆ ಎಂದು ಒಂದು ಫೋಟೋ ತಂದು ತೋರಿಸಿ. ದಾರಿಯನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸೋಣ” ಎಂದ.

ರೈತ ಒಬ್ಬ ಛಾಯಾಗ್ರಾಹಕನನ್ನು ಕರೆತಂದ. ಮರ ಉಳಿಯಬೇಕು, ಫೋಟೋ ಅದಕ್ಕಾಗಿ ಎಂದು ದಾರಿಯಲ್ಲೇ ಹೇಳಿದ. ಛಾಯಾಗ್ರಾಹಕ ತನ್ನ ಕೆಲಸ ಬಲ್ಲವನು. ಏಣಿ ಹತ್ತಿ ಹೂವನ್ನು ಬಹಳ ಹೊತ್ತು ನೋಡಿದ. ನೇರ ಬಿಸಿಲಿಗೆ ಎಸಳಿನ ಬಣ್ಣ ಬಿಳಿಚಿದಂತೆ ಕಾಣುತ್ತಿತ್ತು. ಬಿಸಿಲಿಗೆ ಅಡ್ಡವಾಗಿ ತೆಳು ಪಂಚೆ ಹಿಡಿಸಿದ. ಹೂವಿನ ಒಳಗು ಕತ್ತಲಾಗಿತ್ತು. ಕೆಳಗಿನಿಂದ ಚಿಕ್ಕ ಕನ್ನಡಿ ಹಿಡಿದು ಅಲ್ಲಿಗೆ ಬೆಳಕು ಕಳಿಸಿದ. ಹಿಂದೆ ಕಾಣುತ್ತಿದ್ದ ಮರದ ಬೊಡ್ಡೆ ಒರಟಾಗಿತ್ತು, ಹಾವಸೆ ಕಟ್ಟಿತ್ತು. ಅದಕ್ಕೆ ಕಪ್ಪು ಬಟ್ಟೆ ಕಟ್ಟಿದ.

ರೈತ ಕೆಳಗಿನಿಂದ ಕೂಗಿದ: “ಏನು ಸಾರ್, ನನ್ನ ಮದುವೆಯಲ್ಲೂ ಇಷ್ಟೊಂದು ಪರದೆ ಹಿಡಿದಿರಲಿಲ್ಲ! ಮರ ಬರುತ್ತದೆ ತಾನೇ?”

“ಮರ ಬಂದರೆ ಕಣ್ಣು ಅತ್ತ ಹೋಗುತ್ತದೆ ಯಜಮಾನರೇ. ಹೂವೊಂದೇ ಇರಲಿ. ನೋಡಿದವರು ಬೆರಗಾಗಬೇಕು.”

ಬಲ್ಲವನ ಮಾತು ಎಂದು ರೈತ ಒಪ್ಪಿಕೊಂಡ.

ಫೋಟೋ ನೋಡಿ ಅಧಿಕಾರಿ ನಿಜವಾಗಿಯೂ ಬೆರಗಾದ. ಎಸಳಿನ ಒಂದೊಂದು ಗೆರೆಯೂ ಎಣಿಸುವಷ್ಟು ನಿಚ್ಚಳವಾಗಿತ್ತು. “ಎಂಥ ಹೂವು! ಎಲ್ಲಿಯದು ಇದು?” ಎಂದು ಕೇಳಿದ.

“ಅದೇ ಬುದ್ಧಿ, ನಮ್ಮ ನೇರಳೆ ಮರದ್ದು.”

“ಮರ ಎಲ್ಲಿದೆ ಇದರಲ್ಲಿ? ಯಾರದೋ ಮನೆಯ ಕುಂಡದ್ದು ಎಂದರೂ ನಾನು ನಂಬಬೇಕಾಗುತ್ತದೆ. ಮೇಲಿನವರಿಗೆ ಏನೆಂದು ಬರೆಯಲಿ?”

ಇನ್ನೊಮ್ಮೆ ತೆಗೆಸೋಣವೆಂದು ರೈತ ಓಡಿ ಬಂದ. ಅಷ್ಟರಲ್ಲಿ ಮಳೆ ಹೊಡೆದು ಹೂವು ಉದುರಿತ್ತು. ಕೊಂಬೆಯಲ್ಲಿ ಬರೀ ಎಲೆ ಮತ್ತು ಬೇರು. ಅಳತೆಗೆ ಬಂದ ಕಚೇರಿಯ ಆಳುಗಳು ತಲೆಯೆತ್ತಿ ನೋಡಿ, “ಇದು ಬಂದಳಿಕೆ. ಇದು ಹತ್ತಿದ ಮರ ಹೇಗೂ ಒಣಗುತ್ತದೆ” ಎಂದರು. ಮರ ಬಿತ್ತು. ಹೂವು ಬಿಡುತ್ತಿದ್ದ ಗಿಡವೂ ಅದರೊಂದಿಗೆ ಬಿತ್ತು. ಆ ಫೋಟೋ ಮಾತ್ರ ಕಚೇರಿಯ ಗೋಡೆಯ ಮೇಲಿದೆ. ನೋಡಿದವರೆಲ್ಲ ಹೊಗಳುತ್ತಾರೆ.

ಕತೆ ಇಲ್ಲಿಗೆ ನಿಂತಿತು. ಹಾಲಪ್ಪನಿಗೆ ಸಿಟ್ಟು ಬಂದಿತ್ತು.

“ಎಂಥ ಮನುಷ್ಯ ಗುರುಗಳೇ ಅವನು! ಮರ ಉಳಿಸಲಿಕ್ಕೆಂದೇ ಕರೆದಿದ್ದರು, ಮರವನ್ನೇ ಮುಚ್ಚಿದನಲ್ಲ. ಆ ಹೂವಿಗೆ ಕಾಲೂರಲು ಬೇರೆ ಜಾಗ ಇತ್ತೇ? ಅಷ್ಟೂ ತಿಳಿಯಲಿಲ್ಲವೇ ಅವನಿಗೆ?”

ಗುರುಗಳು ಅವನನ್ನು ನೋಡಿ ಮೆಲ್ಲಗೆ ಕೇಳಿದರು: “ನಿನ್ನ ಮಗಳು ಜ್ವರದಲ್ಲಿ ಮಲಗಿದ್ದಾಳೆ ಎಂದು ಮನೆಯಿಂದ ಹೇಳಿಕಳಿಸಿದ್ದರಲ್ಲ ಹಾಲಪ್ಪ, ಈಗ ಹೇಗಿದ್ದಾಳೆ?”

ಮಗಳು ಈಗ ಹೇಗಿದ್ದಾಳೆಂದು ಹಾಲಪ್ಪನಿಗೆ ಗೊತ್ತಿರಲಿಲ್ಲ.