ಹೋತ ತುಂಬಿಸಿದ ಕುಡಿಕೆ

ಕರು ಹಾಕಿದ ಮೇಲೆ ಗುಂಡವ್ವನೆಂಬ ಎಮ್ಮೆಗೆ ಕಾಲು ನಡುಗತೊಡಗಿತು. ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾಗಿದೆ ಎಂದು ವೈದ್ಯರಾದ ಬೆಳ್ಳಕ್ಕಿ ಪಂಡಿತರು ಹೇಳಿದ್ದೇ ತಡ, ಅದೇ ಕೊಟ್ಟಿಗೆಯ ಹೋತ ನಡುವೆ ಬಾಯಿ ಹಾಕಿದ.

"ಪಾಪ, ಅಕ್ಕನ ಮೂತ್ರಪಿಂಡ ತೂತುಬಿದ್ದ ಗಡಿಗೆ! ತಿಂದದ್ದೆಲ್ಲ ಸೋರಿಹೋಗುತ್ತಿದೆ. ಅಕ್ಕಾ, ಇನ್ನು ನೀರು ಮುಟ್ಟಬೇಡ."

ಗುಂಡವ್ವ ನಂಬಿದಳು. ನಾಲಿಗೆ ಒಣಗಿದರೂ ನೀರಿನ ಬಾನಿಯ ಕಡೆ ಸುಳಿಯಲಿಲ್ಲ. ತನ್ನ ಒಡಲೇ ತನಗೆ ದ್ರೋಹ ಮಾಡಿತಲ್ಲ ಎಂದು ಕುಗ್ಗಿಹೋದಳು.

"ಸೋರುತ್ತಿದ್ದರೆ ಮೂತ್ರದಲ್ಲಿ ಸಿಗಲೇಬೇಕು. ಅಳೆದು ನೋಡೋಣ," ಎಂದು ಪಂಡಿತರು ಗುಂಡವ್ವನ ಮೂತ್ರವನ್ನು ಒಂದು ಕುಡಿಕೆಯಲ್ಲಿ ಹಿಡಿದರು.

"ಹೋಲಿಸಿ ನೋಡಲು ಆರೋಗ್ಯವಂತನ ಮೂತ್ರವೂ ಬೇಕಲ್ಲ? ನನ್ನದೇ ಇರಲಿ," ಎಂದು ಹೋತ ಗತ್ತಿನಿಂದ ಇನ್ನೊಂದು ಕುಡಿಕೆ ತುಂಬಿಸಿದ.

ಎರಡನ್ನೂ ಪರೀಕ್ಷಿಸಿ ಪಂಡಿತರು ಹೇಳಿದರು: "ಗುಂಡವ್ವಾ, ನಿನ್ನ ಮೂತ್ರದಲ್ಲಿ ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ನಿನ್ನ ಮೂತ್ರಪಿಂಡಗಳು ಇದ್ದ ಚೂರನ್ನೂ ಬಿಗಿಹಿಡಿದು ಕಾಯುತ್ತಿವೆ. ಹಾಲಿಗೆ ಹೋದದ್ದನ್ನು ತುಂಬಿಕೊಡುವಷ್ಟು ನಿನ್ನ ಹೊಟ್ಟೆಗೇ ಬಂದಿಲ್ಲ. ಈ ಹೋತನ ಮೂತ್ರದಲ್ಲಾದರೋ ಅದು ಉಕ್ಕಿ ಹರಿಯುತ್ತಿದೆ! ಹಾಲು ಕೊಡುವವಳಿಗೆಂದು ನಾನು ಹಾಕುತ್ತಿದ್ದ ಕ್ಯಾಲ್ಸಿಯಂ ಪುಡಿ ಯಾರ ಪಾಲಾಯಿತಪ್ಪಾ?"

ಹೋತ ಗಡ್ಡದ ಬಿಳಿ ಪುಡಿ ಒರೆಸಿಕೊಳ್ಳುತ್ತ, "ಅಕ್ಕನಿಗೆ ಒಗ್ಗೀತೋ ಇಲ್ಲವೋ ಎಂದು ರುಚಿ ನೋಡಿದೆ ಅಷ್ಟೇ," ಎಂದ.

ಗುಂಡವ್ವ ಅವನನ್ನು ಕೊಂಬಿನಿಂದ ಪಕ್ಕಕ್ಕೆ ತಳ್ಳಿ, ಬಾನಿಗೆ ಮೂತಿಯಿಟ್ಟು ಗಟಗಟನೆ ನೀರು ಕುಡಿದಳು. ಆಮೇಲೆ ತಲೆಯೆತ್ತಿ, "ಒಳಗಿನವರು ನಿಯತ್ತಿನವರೇ ಕಣೋ. ಹೊರಗಿನವನ ಮಾತು ಕೇಳಿ ನಾನೇ ಅವರ ಮೇಲೆ ಗುಮಾನಿಪಟ್ಟೆ," ಎಂದಳು.