ಬೆಳ್ಳಿ ಚಿಲುಮೆ ಮತ್ತು ಅಜ್ಜನವರ ಕರಾರು

ಪರಮಪೂಜ್ಯ ಶ್ರೀ ಅಡವಯ್ಯಜ್ಜನವರ ಮಠವೆಂದರೆ ಎರೆಹೊಲದ ಬದುವಿನಲ್ಲಿದ್ದ ಒಂದು ತಗಡಿನ ಕೋಣೆ, ಹೊದೆಯಲು ಒಂದು ಕೌದಿ, ಒಂದು ನಂದಾದೀಪ. ಅಲ್ಲಿ ಭಜನೆಯ ಹೊತ್ತಿಗೆ ಗಾಂಜಾ ಚಿಲುಮೆ ಕೈಯಿಂದ ಕೈಗೆ ಹೋಗುವುದು ಗುರುಪರಂಪರೆಯಿಂದ ಬಂದ ರೂಢಿ. ಅಜ್ಜನವರೂ ಸೇದುತ್ತಿದ್ದರು. ಇದನ್ನು ಮುಚ್ಚಿಟ್ಟು ಬರೆದರೆ ಅವರ ದೊಡ್ಡತನ ತಿಳಿಯುವುದಿಲ್ಲ.

ನಮ್ಮ ಪೇಟೆಯ ಎಣ್ಣೆ ವ್ಯಾಪಾರಿ ಕರವೀರಪ್ಪ ಗಾಣಿಗೇರನೋ, ಮಠ, ಸ್ವಾಮಿ ಎಂದರೆ ನಗುವ ಆಸಾಮಿ. ವರ್ಷದಿಂದ ಅವನಿಗೆ ಬಲಪಕ್ಕೆಯ ಕೆಳಗೆ ನೋವು. ಉಂಡರೆ ಹೆಚ್ಚು, ಮಿರ್ಚಿ ತಿಂದರೆ ಇನ್ನೂ ಹೆಚ್ಚು. ಯಾರೋ ಕರೆದರೆಂದು ಮಠಕ್ಕೆ ಬಂದು ಒಂದು ದಮ್ಮು ಎಳೆದ, ನೋವು ಮಾಯ. ನಾಲ್ಕು ತಿಂಗಳಲ್ಲಿ ಪಕ್ಕಾ ಭಕ್ತನಾದ. ಒಂದು ಸೋಮವಾರ, ಪಕ್ಕದ ಅಂಗಡಿಯಲ್ಲಿ ಬೆಲ್ಲ ಮಾರುವ ನನ್ನನ್ನೂ ತನ್ನ ಎಣ್ಣೆ ಟೆಂಪೋದಲ್ಲಿ ಕೂರಿಸಿಕೊಂಡು ಹೋಗಿ, ಗೇಣುದ್ದದ ಬೆಳ್ಳಿ ಚಿಲುಮೆಯನ್ನು ಅಜ್ಜನವರ ಪಾದದ ಮುಂದಿಟ್ಟ.

"ಯಪ್ಪಾ, ನಿಮ್ಮ ಪ್ರಸಾದ ನನ್ನ ಬ್ಯಾನಿ ಕಿತ್ತು ಒಗೀತ್ರಿ. ಇದು ನನ್ನ ಕಾಣಿಕಿ."

ಅಜ್ಜನವರು ಅದನ್ನು ಮುಟ್ಟಲಿಲ್ಲ. "ಮೊದಲ ದಿನಾ ಎಷ್ಟು ಸಲ ಸೇದಿದ್ದಿ?"

"ಒಂದ ಸಲರೀ."

"ಈಗ?"

ಕರವೀರಪ್ಪ ಬೆರಳೆಣಿಸಿದ. "ಐದಾರು ಆಗ್ತಾವ್ರಿ. ಬಿಟ್ರ ಮತ್ತ ಚುಚ್ಚತೈತಿ."

"ಹಂಗಾದ್ರ ಬ್ಯಾನಿ ಹೋಗಿಲ್ಲ. ಮೂರು ದಿನಾ ಇಲ್ಲೇ ಇರು, ಸೇದಬ್ಯಾಡ. ನಾನೂ ಸೇದಂಗಿಲ್ಲ. ನೋವು ಬರಲಿಲ್ಲಂದ್ರ ನಿನ್ನ ಬೆಳ್ಳಿ ಇಟ್ಕೋತೀನಿ."

ಕರಾರು ಕುದುರಿತು. ಟೆಂಪೋ ನಾನು ಊರಿಗೆ ತಂದಿದ್ದೆ, ಮರುದಿನ ಸಂಜೆ ಅದರಲ್ಲೇ ಮಠಕ್ಕೆ ಹೋದೆ. ಅಜ್ಜನವರ ಹಣೆಯ ಮೇಲೆ ಬೆವರು, ತಟ್ಟೆಯ ಅನ್ನ ಹಾಗೇ ಇತ್ತು. "ನನಗೂ ಚಟ ಹತ್ತೇತಿ ನೋಡೋ ಸಾವಕಾರ. ಇಷ್ಟು ವರ್ಷ ನನಗ ಗೊತ್ತ ಇರಲಿಲ್ಲ," ಎಂದು ನನ್ನನ್ನು ನೋಡಿ ನಕ್ಕರು.

ಅಷ್ಟರಲ್ಲಿ ಕರವೀರಪ್ಪ ಹೊಟ್ಟೆ ಹಿಡಿದು ಹೊರಳಾಡತೊಡಗಿದ. ಮೈ ಕೆಂಡದಂತೆ ಸುಡುತ್ತಿತ್ತು. "ಒಂದ ದಮ್ಮು ಕೊಡ್ರಿ ಯಪ್ಪಾ, ಸಾಯ್ತೀನಿ."

ಮಠದ ಹಳೆಯ ಚಿಲುಮೆ ಅಜ್ಜನವರ ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು. ಒಮ್ಮೆ ಅದರತ್ತ ನೋಡಿದರು, ಆಮೇಲೆ ನನ್ನತ್ತ.

"ಇವನ ನೋವು ನಾಕು ತಿಂಗಳಿಂದ ಒದರಾಕತ್ತಿತ್ತು. ನಾವು ಅದರ ಬಾಯಿ ಮುಚ್ಚಿದ್ವಿ. ಗಾಡಿ ತಗಿ."

ತಾವೂ ಎಣ್ಣೆ ಡಬ್ಬಿಗಳ ನಡುವೆ ಕುಳಿತು, ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆಸ್ಪತ್ರೆಗೆ ಬಂದರು. ನನ್ನ ಜನ್ಮದಲ್ಲಿ ಅಷ್ಟು ಜೋರಾಗಿ ಗಾಡಿ ಓಡಿಸಿದವನಲ್ಲ.

ಪಿತ್ತಕೋಶದ ತುಂಬ ಕಲ್ಲು, ಕೀವು. ಇನ್ನೆರಡು ದಿನ ಬಿಟ್ಟಿದ್ದರೆ ಒಡೆಯುತ್ತಿತ್ತೆಂದು ಡಾಕ್ಟರು ಬೈದರು. ಗಾಂಜಾದ ಸತ್ವ ಕೆಲವು ಕಾಯಿಲೆಗಳಿಗೆ ಔಷಧವಾಗುವುದುಂಟು, ಆದರೆ ಕಾಯಿಲೆ ಗುರುತಿಸಿ ಅಳೆದು ಕೊಟ್ಟರೆ ಮಾತ್ರ ಎಂದರು. ಅಜ್ಜನವರು ಕೈಮುಗಿದು ನಿಂತು ಕೇಳಿ, "ತಪ್ಪು ನಮ್ಮದ್ರೀ," ಎಂದರು. ಅಂದಿನಿಂದ ಮಠದಲ್ಲಿ ಚಿಲುಮೆ ಹೊತ್ತಲಿಲ್ಲ. ಭಜನೆ ಮಾತ್ರ ನಿಲ್ಲಲಿಲ್ಲ.

ಕರಾರಿನಂತೆ ಬೆಳ್ಳಿ ಚಿಲುಮೆಯನ್ನು ಅಜ್ಜನವರು ಇಟ್ಟುಕೊಳ್ಳಲಿಲ್ಲ, ಆದರೂ ಅದು ಕರವೀರಪ್ಪನದಾಗಿಯೇ ಈಗಲೂ ಮಠದಲ್ಲಿದೆ. ಹೇಗಿದ್ದರೂ ಎರಡೂ ಕಡೆ ತೂತಿರುವ ಕೊಳವೆ. ಗುಣವಾಗಿ ಬಂದ ಕರವೀರಪ್ಪ ಅದನ್ನೇ ಲಾಳಿಕೆ ಮಾಡಿಕೊಂಡು ಪ್ರತಿ ಸೋಮವಾರ ನಂದಾದೀಪಕ್ಕೆ ಎಣ್ಣೆ ಹೊಯ್ಯುತ್ತಾನೆ. ಹಳೆಯ ರೂಢಿ ನೆನೆದು ನೋವೆಂದು ಯಾರಾದರೂ ಚಿಟಿಕೆ ಗಾಂಜಾ ಕೇಳಿಕೊಂಡು ಬಂದರೆ, "ಎಲ್ಲಿ ನೋಯ್ತೈತಿ? ಯಾವ ಡಾಕ್ಟರಿಗೆ ತೋರಿಸಿದಿ?" ಎನ್ನುತ್ತಾನೆ. ಉತ್ತರ ಬರುವ ಮೊದಲೇ ಟೆಂಪೋ ಶುರುವಾಗಿರುತ್ತದೆ.